ಭಾನುವಾರದ ಹಸಿರು ಕಾರು

ಫೆಬ್ರವರಿ ೧೧

ಪ್ರೀತಿಯ ಅಕ್ಕನಿಗೆ,

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ನನ್ನ ಅಕ್ಷರ ಕೋಳಿ ಕೆದಕಿದ ಹಾಗಿರುತ್ತದೆ, ಕಾಗುಣಿತವೂ ಅಷ್ಟಕ್ಕಷ್ಟೆ. ಐದನೆಯ ಕ್ಲಾಸಿಗೆ ಶಾಲೆ ಬಿಟ್ಟವಳ ಮಾತನ್ನು ಸೂಜಿ ಕೇಳಿದಷ್ಟು ಪೆನ್ನು ಕೇಳುವುದಿಲ್ಲ. ಎಲ್ಲಿ ಓದಲು ಬರುವುದಿಲ್ಲವೋ ಅಲ್ಲಿ ಏನೋ ಒಳ್ಳೆಯದನ್ನೇ ಬರೆದಿದ್ದೇನೆ ಅಂದುಕೋ.

ನಿನ್ನ ಕಾಗದ ಕಂಡು ಮೊದಲು ಹೆದರಿಕೆಯಾಯಿತು. ಫೋನಿರುವಾಗ ಕಾಗದ ಯಾಕೆ? ಅದರಲ್ಲೂ, ‘ಈ ವಿಷಯ ಫೋನಿನಲ್ಲಿ ಎತ್ತಬೇಡ, ಅಪ್ಪ ಪಕ್ಕದಲ್ಲೇ ಕೂತಿರುತ್ತಾರೆ’ ಎಂದು ಮೊದಲ ಸಾಲಿನಲ್ಲೇ ಬರೆದಿದ್ದೀಯ. ಏನೋ ಆಗಬಾರದ್ದು ಆಗಿದೆ ಎಂದುಕೊಂಡು ನಿಂತಲ್ಲೇ ಓದಿದೆ. ಓದಿದರೆ, ಒಂದು ಕಾರು ಬೇಕಂತೆ. ಮೇಲಿನ ಚಾವಣಿ, ಅದೇ ಹುಡ್, ತೆಗೆದು ಓಡಿಸುವಂಥ ಕಾರು. ಸೆಕೆಂಡ್ ಹ್ಯಾಂಡ್, ಕೈಗೆಟುಕುವ ಬೆಲೆಯದು, ‘ಭಾನುವಾರದ ಮೋಜಿಗೆ’. ನಿಮ್ಮ ಊರಿನಲ್ಲಿ ಅಂಥದ್ದು ಸಿಗುವುದಿಲ್ಲ, ನಾನು ಕಾರಿನ ಸೀಟು, ಹುಡ್ ಹೊಲಿಯುವ ಬೀದಿಯಲ್ಲೇ ಇರುವವಳು, ಆರಿಸಿಕೊಡು ಎಂದಿದ್ದೀಯ.

ಅಕ್ಕಾ, ವಾರವಿಡೀ ಹೋಟೆಲಿನ ಮಾಸಿದ ಬೆಡ್‌ಶೀಟು ತುಂಬಿದ ವ್ಯಾನು ಓಡಿಸುವವಳು ನೀನು. ಭಾನುವಾರ ಬಂದರೆ ಸ್ಟಿಯರಿಂಗ್ ಮುಖ ನೋಡಬಾರದು ಅನ್ನುತ್ತಿದ್ದವಳು. ನಿನಗೆ ಯಾವಾಗಿನಿಂದ ಈ ಮೋಜು? ನಮ್ಮ ಮೇಸ್ತ್ರಿಗೆ ಹೇಳಿದೆ. ಅವರು ಬಾಯಲ್ಲಿದ್ದ ಮೊಳೆಗಳನ್ನು ಅಂಗೈಗೆ ಉಗಿದು, “ನಿಮ್ಮಕ್ಕನಿಗೆ ಗಾಳಿ ಬೇಕಿದ್ರೆ ಸೈಕಲ್ ಕೊಡ್ಸು” ಎಂದು ನಕ್ಕರು.

ಆದರೂ ನೀನು ನನ್ನನ್ನು ಕೇಳಿದೆಯಲ್ಲ ಎಂದು ಹೆಮ್ಮೆಯಾಯಿತು. ಈವರೆಗೆ ಯಾರೂ ನನ್ನನ್ನು ಏನನ್ನೂ ಆರಿಸಲು ಹೇಳಿಲ್ಲ. ದಾರದ ಬಣ್ಣ ಕೂಡ ಮೇಸ್ತ್ರಿಯೇ ಹೇಳುತ್ತಾರೆ.

ಇನ್ನೊಂದು ವಿಷಯ. ನನ್ನ ಮದುವೆ ಮೇ ಇಪ್ಪತ್ತೇಳಕ್ಕೆ ಎಂದು ನಿಶ್ಚಯವಾಯಿತು. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ, ಆಮೇಲೆ ಅಂಗಡಿಯ ಮೇಲಿನ ಕೋಣೆಯಲ್ಲಿ ಎಲ್ಲರಿಗೂ ಊಟ. ಅಷ್ಟೆ. ನನ್ನ ಕಡೆಯ ಸಾಕ್ಷಿಯ ಸಹಿ ಅಪ್ಪನದೇ ಆಗಬೇಕು. ಫೋನಿನಲ್ಲಿ ಕೇಳಿದರೆ ಅಪ್ಪ ‘ನೋಡೋಣ’ ಅನ್ನುತ್ತಾರೆ. ನೋಡುವುದು ಏನನ್ನು? ನೀನಾದರೂ ಕೇಳಿ ಬರೆ.

ನಿನ್ನ,
ಸೂಜಿ

ಫೆಬ್ರವರಿ ೨೦

ಸೂಜಿ,

ನಿನ್ನ ಅಕ್ಷರ ಚೆನ್ನಾಗಿಯೇ ಇದೆ. ನಮ್ಮ ಹೋಟೆಲಿಗೆ ಬರುವ ಡಾಕ್ಟರು ಬರೆಯುವ ಚೀಟಿಗಿಂತ ಸಾವಿರ ಪಾಲು ವಾಸಿ.

ಮೋಜು ಯಾವಾಗ ಬೇಕಾದರೂ ಬರಬಹುದು, ಅದಕ್ಕೇನು ವಯಸ್ಸೆ? ನಾನು ಹೇಳುವುದನ್ನು ಮಾತ್ರ ಸರಿಯಾಗಿ ನೋಡು. ಕಾರು ಹಳೆಯದಿದ್ದರೆ ಅಡ್ಡಿಯಿಲ್ಲ, ದಾರಿಯಲ್ಲಿ ನಿಲ್ಲಬಾರದು. ಒಂದು ಹಗಲಿಡೀ ಓಡುವಷ್ಟು ಗಟ್ಟಿಯಿರಬೇಕು. ಡ್ರೈವರ್ ಪಕ್ಕದ ಸೀಟಿನಲ್ಲಿ ನೀನೇ ಕೂತು ನೋಡು. ಮುಂದಿನ ಗಾಜಿನ ಮೇಲ್ಪಟ್ಟಿ ಹಣೆಗೆ ಎಷ್ಟು ಹತ್ತಿರ ಬರುತ್ತದೆ? ತಲೆ ಎತ್ತಿದರೆ ಆಕಾಶ ಕಾಣುತ್ತದೆಯೋ, ಆ ಪಟ್ಟಿ ಕಾಣುತ್ತದೆಯೋ? ಬೆಲ್ಟನ್ನು ಒಂದೇ ಕೈಯಲ್ಲಿ ಬಿಚ್ಚಬಹುದೆ? ಅಕ್ಕಪಕ್ಕ ಬಿಗಿಯೋ, ಸಡಿಲವೋ? ನಿನಗಿಂತ ಎತ್ತರದವರು ಕೂರುತ್ತಾರೆ ಎಂದು ಲೆಕ್ಕ ಇಟ್ಟುಕೋ.

ಹುಡ್ ಹೇಗಿದ್ದರೂ ಪರವಾಗಿಲ್ಲ.

ಅಪ್ಪ ಚೆನ್ನಾಗಿದ್ದಾರೆ. ಬೆಳಿಗ್ಗೆ ಸಂಜೆ ನಡೆಯುತ್ತಾರೆ. ಕೆರೆಯ ಸುತ್ತ ಅವರ ಹೆಜ್ಜೆಗೆ ದಾರಿಯೇ ಬಿದ್ದಿದೆ.

ಅಕ್ಕ

ಮಾರ್ಚ್ ೨

ಪ್ರೀತಿಯ ಅಕ್ಕನಿಗೆ,

ನಮ್ಮ ಬೀದಿಯ ತುದಿಯಲ್ಲಿ ಹಳೆಯ ಕಾರು ಮಾರುವವರೊಬ್ಬರಿದ್ದಾರೆ. ಎಲ್ಲ ಕಾರಿಗೂ ಸೆಂಟು ಹೊಡೆಯುವುದರಿಂದ ನಾವು ಅವರನ್ನು ಸೆಂಟಿನವರು ಎನ್ನುತ್ತೇವೆ. ಅವರ ಹತ್ತಿರ ಹುಡ್ ತೆಗೆಯುವ ಕಾರು ಮೂರಿವೆ. ಮಾತಾಡಲು ನನಗೆ ನಾಲಿಗೆ ಏಳುವುದಿಲ್ಲ ಎಂದು ನಿನಗೆ ಗೊತ್ತಲ್ಲ. ಅಳತೆಯ ಟೇಪು ಕೊರಳಿಗೆ ಹಾಕಿಕೊಂಡು ಹೋಗಿ ಸುಮ್ಮನೆ ಒಂದೊಂದರಲ್ಲೂ ಕೂತೆ. ಅವರು ನಾನು ಸೀಟಿನ ಅಳತೆಗೆ ಬಂದಿದ್ದೇನೆ ಎಂದುಕೊಂಡರು. ನಾನು ಅಲ್ಲವೆನ್ನಲಿಲ್ಲ.

ಕೆಂಪು ಕಾರು ನೋಡಲು ಚೆಂದ. ಗುಂಡಿ ಒತ್ತಿದರೆ ಹುಡ್ ತಾನೇ ಮಡಿಚಿಕೊಳ್ಳುತ್ತದೆ. ಆದರೆ ಅದನ್ನೆತ್ತುವ ಮೋಟಾರು ನರಳುತ್ತದೆ. ಅದು ಕೆಟ್ಟರೆ ಅರ್ಧ ಕಾರಿನ ಬೆಲೆ ರಿಪೇರಿಗೇ ಬೇಕೆಂದು ಮೇಸ್ತ್ರಿ ಹೇಳುತ್ತಾರೆ. ನೀನು ಕೇಳಿದ ಗಾಜಿನ ಪಟ್ಟಿ ಹಿಂದಕ್ಕೆ ವಾಲಿ ನೆತ್ತಿಯವರೆಗೂ ಬರುತ್ತದೆ. ತಲೆ ಎತ್ತಿದರೆ ಪಟ್ಟಿಯೇ ಕಾಣುತ್ತದೆ.

ಬೂದಿ ಬಣ್ಣದ್ದಕ್ಕೆ ಬಟ್ಟೆಯ ಹುಡ್ ಇಲ್ಲ, ತಗಡಿನ ಚಾವಣಿಯೇ ಮಡಿಚಿ ಡಿಕ್ಕಿಯೊಳಗೆ ಹೋಗುತ್ತದೆ. ಆಮೇಲೆ ಡಿಕ್ಕಿಯಲ್ಲಿ ಒಂದು ಚೀಲ ಇಡಲೂ ಜಾಗವಿಲ್ಲ. ಕಾಲಡಿಯ ಕಾರ್ಪೆಟ್ ಎತ್ತಿ ಕೈಯಿಟ್ಟೆ, ಒದ್ದೆ. ನೀರು ಹರಿದುಹೋಗುವ ಕೊಳವೆ ಕಟ್ಟಿಕೊಂಡಿದೆ. ಸೆಂಟು ಹೊಡೆದದ್ದು ಅದಕ್ಕೇ ಇರಬೇಕು.

ಹಸಿರು ಕಾರು ಮೂರರಲ್ಲೂ ಮುದುಕ. ಹುಡ್ಡನ್ನು ಕೈಯಲ್ಲೇ ಮಡಿಸಬೇಕು. ಬಟ್ಟೆ ಹರಿದಿದೆ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಹಾಲಿನ ಹಾಗೆ ಬೆಳ್ಳಗಾಗಿದೆ. ಗಾಜು ನೆಟ್ಟಗೆ ನಿಂತಿದೆ, ಪಟ್ಟಿ ಹಣೆಯಿಂದ ತುಂಬ ದೂರ. ತಲೆ ಎತ್ತಿದರೆ ಆಕಾಶ ಬಿಟ್ಟು ಬೇರೇನೂ ಇಲ್ಲ. ಬೆಲ್ಟು ಒಂದೇ ಬೆರಳಿಗೆ ಬಿಚ್ಚುತ್ತದೆ. ಅಡಿಯಲ್ಲಿ ತುಕ್ಕಿಲ್ಲ. ಒಂದು ಸಣ್ಣ ಐಬು: ಪಕ್ಕದ ಸೀಟಿನ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ. ಕೈ ಹೊರಗೆ ಹಾಕಿ ಹೊರಗಿನ ಹಿಡಿಯನ್ನು ಎಳೆಯಬೇಕು. ತೆರೆದ ಕಾರಲ್ಲವೆ, ಅದೇನೂ ಕಷ್ಟವಿಲ್ಲ.

ಆದರೆ ಹುಡ್ ಹೇಗಿದ್ದರೂ ಪರವಾಗಿಲ್ಲ ಎಂದು ಬರೆದಿದ್ದೀಯಲ್ಲ, ಅದು ಮಾತ್ರ ತಿಳಿಯದವರ ಮಾತು. ಇಂಥ ಕಾರಿಗೆ ಹುಡ್ಡೇ ಪ್ರಾಣ. ಆ ಚಿಂತೆ ನನಗೆ ಬಿಡು.

ಅಕ್ಕಾ, ನಾನೇನೂ ದಡ್ಡಿಯಲ್ಲ. ನಿನ್ನ ಪಕ್ಕ ಕೂರುವ, ನನಗಿಂತ ಎತ್ತರದ ಆ ಯಾರೋ ಒಬ್ಬರು ಯಾರು? ಭಾವ ಎಂದು ಕರೆಯಲು ನಾನು ತಯಾರಿದ್ದೇನೆ. ಅಪ್ಪನಿಗೆ ಗೊತ್ತಾಗದಿರಲಿ ಎಂದು ಕಾಗದ ಬರೆಯುತ್ತಿದ್ದೀಯ, ಸರಿಯಷ್ಟೆ?

ಅಪ್ಪ ಬರುತ್ತಾರೋ ಇಲ್ಲವೋ ನೀನು ಬರೆಯಲೇ ಇಲ್ಲ.

ಸೂಜಿ

ಮಾರ್ಚ್ ೧೨

ಸೂಜಿ,

ಭಾವನ ಮಾತು ಓದಿ ವ್ಯಾನಿನಲ್ಲಿ ಒಬ್ಬಳೇ ನಕ್ಕೆ. ಅವರ ವಿಷಯ ಈಗ ಬೇಡ, ಸಮಯ ಬಂದಾಗ ನೋಡುವೆಯಂತೆ.

ಹಸಿರೇ ಇರಲಿ. ದುಡ್ಡು ನಾಳೆ ಕಳಿಸುತ್ತೇನೆ. ಇನ್ನೆರಡು ವಿಷಯ ನೋಡು. ಹುಡ್ ಮಡಿಸಿಟ್ಟಾಗ ಸೀಟಿನ ಹಿಂದೆ ಎಷ್ಟು ಎತ್ತರ ನಿಲ್ಲುತ್ತದೆ? ಕೂತವರ ಕತ್ತಿಗೆ ತಾಗುತ್ತದೆಯೆ? ದಾರಿಯುದ್ದಕ್ಕೂ ತೆರೆದೇ ಹೋದರೆ ಗಾಳಿಗೆ ಮಾತು ಕೇಳಿಸುತ್ತದೆಯೆ?

ಅಪ್ಪ ನಿನ್ನ ಹುಡುಗನ ಫೋಟೋ ನೋಡಿದರು. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು. “ಕೈ ನೋಡು, ಕೆಲಸ ಮಾಡೋ ಕೈ” ಎಂದರು. ಉಳಿದದ್ದನ್ನು ತಲೆಗೆ ಹಚ್ಚಿಕೊಳ್ಳಬೇಡ.

ಅಕ್ಕ

ಮಾರ್ಚ್ ೨೫

ಅಕ್ಕಾ,

ಹಸಿರು ಕಾರು ಈಗ ನಮ್ಮ ಅಂಗಡಿಯ ಮುಂದೆ ನಿಂತಿದೆ. ನೀವು ಫೋಟೋದಲ್ಲಿ ನೋಡಿದ ಇವರು ಬಂದು ವೈರಿಂಗ್ ಎಲ್ಲ ಬಿಚ್ಚಿ ನೋಡಿದರು. ಹೆಡ್‌ಲೈಟಿನ ಒಂದು ವೈರು ಇಲಿ ಕಡಿದಿತ್ತು, ಬದಲಾಯಿಸಿದ್ದಾರೆ. ಇಂಜಿನ್ ಚೆನ್ನಾಗಿದೆಯಂತೆ. ಕೊನೆಯ ಬೆಲೆಯ ಮಾತನ್ನು ಇವರೇ ಆಡಿದರು. ನಾನು ಹಿಂದೆ ನಿಂತು ಇವರ ಅಂಗಿಯ ತುದಿ ಜಗ್ಗಿದಾಗಲೆಲ್ಲ ಸೆಂಟಿನವರು ಸ್ವಲ್ಪ ಇಳಿಸಿದರು.

ಮಡಿಸಿದ ಹುಡ್ ಕತ್ತಿಗೆ ತಾಗುವುದಿಲ್ಲ, ಆದರೆ ತಿರುಗಿದರೆ ಕಣ್ಣಿಗೆ ಬೀಳುತ್ತದೆ. ಗಾಳಿಯಲ್ಲಿ ಮಾತಾಡಲು ಸ್ವಲ್ಪ ಕೂಗಬೇಕು. ನೀನು ಇದನ್ನೆಲ್ಲ ಯಾಕೆ ಕೇಳುತ್ತೀಯೋ ನನಗೆ ಅರ್ಥವಾಗುವುದಿಲ್ಲ. ಭಾವನಿಗೆ ಕತ್ತು ನೋವೆ? ಕಿವಿ ಮಂದವೆ?

ಮೊನ್ನೆ ಅಪ್ಪನಿಗೆ ಫೋನ್ ಮಾಡಿದ್ದೆ. ನೀನು ಸ್ನಾನಕ್ಕೆ ಹೋಗಿದ್ದೆಯಂತೆ.

“ಅಪ್ಪಾ, ಬರ್ತೀರಲ್ಲ?”

“ಅಕ್ಕ ಬರ್ತಾಳಮ್ಮ.”

“ನೀವು?”

“ನೋಡೋಣ. ಊಟ ಆಯ್ತಾ?”

ಬೆಳಿಗ್ಗೆ ಎಂಟು ಗಂಟೆಗೆ ಊಟ ಆಯ್ತಾ ಎಂದು ಕೇಳಿದರು. ನಾನು ಆಯ್ತು ಎಂದೆ.

ಈಗ ನನ್ನ ಮನಸ್ಸಿನಲ್ಲಿರುವುದನ್ನು ಬರೆಯುತ್ತೇನೆ, ಬೈಯಬೇಡ. ಹೋದ ವರ್ಷ ನಾನು ಬಂದಾಗ ಅಪ್ಪ ಆ ಚಳಿಯಲ್ಲೂ ತಾರಸಿಯ ಮೇಲೆ ಮಲಗಿದರು. ಒಳಗೆ ನಾನು ಹಾಸಿಗೆ ಹಾಸಿದ್ದೆ, ಬೇಡವೆಂದರು. ನಾನು ಹೊರಟಾಗ ಬಸ್‌ಸ್ಟ್ಯಾಂಡಿನವರೆಗೂ ನಡೆದು ಬಂದರು, ಆದರೆ ಬಸ್ಸಿನೊಳಗೆ ಹತ್ತಿ ಚೀಲ ಇಟ್ಟುಕೊಡಲಿಲ್ಲ. ಮೊದಲೆಲ್ಲ ನನ್ನನ್ನು ಕೂರಿಸಿ, ಕಿಟಕಿಯ ಗಾಜು ಸರಿಸಿಕೊಟ್ಟು, ಕಂಡಕ್ಟರ್ ಬೈದ ಮೇಲೇ ಇಳಿಯುತ್ತಿದ್ದವರು. ಆಗಲೇ ನಾನು ಇವರ ವಿಷಯ ಹೇಳಿದ್ದೆ. ಆಗಿನಿಂದಲೇ ಅಪ್ಪನಿಗೆ ಮನಸ್ಸಿಲ್ಲವೆ? ಇವರು ವೈರಿಂಗ್ ಕೆಲಸದವರೆಂದೊ? ನಾನೇ ಹುಡುಕಿಕೊಂಡೆನೆಂದೊ?

ನೀನು ಕಾರು ಕೊಂಡು ಯಾರನ್ನೋ ಕೂರಿಸಿಕೊಂಡು ಕೆರೆ ಸುತ್ತುತ್ತೀಯ, ಸುತ್ತು. ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಅಪ್ಪನಿಗೆ ಒಂದು ಟಿಕೆಟು ತೆಗೆಸಿ ಕರೆದುಕೊಂಡು ಬರುವ ಮಾತನ್ನು ಒಂದು ಕಾಗದದಲ್ಲೂ ಆಡಲಿಲ್ಲ. ನನ್ನ ಮದುವೆಯ ಚಿಂತೆ ನನಗೆ, ನಿನಗೆ ಗಾಳಿಯಲ್ಲಿ ಮಾತು ಕೇಳಿಸುತ್ತದೆಯೇ ಎಂಬ ಚಿಂತೆ. ಎತ್ತು ಏರಿಗೆ, ಕೋಣ ನೀರಿಗೆ.

ಸೂಜಿ

ಏಪ್ರಿಲ್ ೬

ಸೂಜಿ,

ನಿನ್ನ ಕಾಗದ ಓದಿದೆ. ಎರಡು ಸಲ ಉತ್ತರ ಬರೆದು ಹರಿದೆ. ಅಪ್ಪನಿಗೆ ನಿನ್ನ ಮೇಲೆ ಕೋಪವಿಲ್ಲ, ನಿನ್ನ ಹುಡುಗನ ಮೇಲೂ ಇಲ್ಲ. ಇದಕ್ಕಿಂತ ಹೆಚ್ಚು ಬರೆಯಲು ನನ್ನ ಬಾಯಿಗೆ ಬೀಗ ಬಿದ್ದಿದೆ. ಬೀಗ ಹಾಕಿದವರು ಅಪ್ಪನೇ. ಸ್ವಲ್ಪ ತಾಳು. ಮೇ ತಿಂಗಳ ಮೊದಲ ವಾರ ಕಾರು ನನಗೆ ಸಿಗಬೇಕು.

ಅಕ್ಕ

ಏಪ್ರಿಲ್ ೧೮

ಪ್ರೀತಿಯ ಅಕ್ಕನಿಗೆ,

ಹೋದ ಸಲ ಒರಟಾಗಿ ಬರೆದೆ. ಆ ಕಾಗದವನ್ನು ಹರಿದು ಹಾಕು. ಬಾಯಿಗೆ ಬೀಗ ಎಂದರೇನು ಎಂದು ನಾನು ಎಷ್ಟು ಯೋಚಿಸಿದರೂ ತಿಳಿಯುತ್ತಿಲ್ಲ. ಇವರನ್ನು ಕೇಳಿದೆ, ಅವರಿಗೂ ತಿಳಿಯಲಿಲ್ಲ. ಯೋಚನೆ ಮಾಡಿದರೆ ತಲೆ ಬಿಸಿಯಾಗುತ್ತದೆ, ಅದಕ್ಕೇ ಕೈಗೆ ಕೆಲಸ ಕೊಟ್ಟೆ. ಇಷ್ಟು ದಿನ ಹೇಳದೆ ಇಟ್ಟಿದ್ದೆ, ಈಗ ಹೇಳುತ್ತೇನೆ. ನಿನ್ನ ಕಾರಿಗೆ ನಾನು ಹೊಸ ಹುಡ್ ಹೊಲಿದಿದ್ದೇನೆ. ನನ್ನ ಉಡುಗೊರೆ.

ಹೊರಗೆ ಮೇಣ ಕುಡಿಸಿದ ದಪ್ಪ ಕರಿ ಕ್ಯಾನ್ವಾಸು, ನಡುವೆ ಉಣ್ಣೆಯ ಹಾಳೆ, ಒಳಗೆ ಇನ್ನೊಂದು ಬಟ್ಟೆ. ಎಲ್ಲ ಕಡೆ ಜೋಡಿ ಹೊಲಿಗೆ. ಅಂಚಿಗೆ ರಬ್ಬರು ಪಟ್ಟಿ. ಹಿಂದಿನ ಕಿಟಕಿ ದೊಡ್ಡದಿದ್ದರೆ ಬಟ್ಟೆ ಸಡಿಲ ಬೀಳುತ್ತದೆಂದು ಅದನ್ನು ಅಂಗೈಯಗಲ ಮಾಡಿದೆ. ಹಾಕಿ ನೋಡಿದೆವು. ಮೇಸ್ತ್ರಿ ಹೊರಗಿನಿಂದ ಪೈಪಿನಲ್ಲಿ ನೀರು ಬಿಟ್ಟರು, ನಾನು ಒಳಗೆ ಕೂತಿದ್ದೆ. ಒಂದು ಹನಿ ಬರಲಿಲ್ಲ. ಒಂದು ಸದ್ದು ಬರಲಿಲ್ಲ. ಬಾಗಿಲು ಹಾಕಿದರೆ ಪೆಟ್ಟಿಗೆಗೆ ಮುಚ್ಚಳ ಹಾಕಿದ ಹಾಗೆ. ಮೂರು ವರ್ಷದಲ್ಲಿ ಮೊದಲ ಸಲ ಮೇಸ್ತ್ರಿ ನನ್ನ ಬೆನ್ನು ತಟ್ಟಿ, “ಇನ್ಮೇಲೆ ದಾರದ ಬಣ್ಣ ನೀನೇ ಆರಿಸ್ಕೊ” ಎಂದರು. ಫೋಟೋ ಇಟ್ಟಿದ್ದೇನೆ. ಭಾವನಿಗೂ ತೋರಿಸು.

ಇನ್ನೊಂದನ್ನು ಬರೆಯಬಾರದು ಎಂದಿದ್ದೆ. ಇವರ ತಾಯಿ ಮೊನ್ನೆ ಬಂದಿದ್ದರು. ಒಳ್ಳೆಯವರು, ಗಟ್ಟಿ ಮಾತಾಡುವವರಲ್ಲ. “ಹುಡುಗಿ ತಂದೆಗೆ ಮನಸ್ಸಿಲ್ಲ ಅಂತಾದ್ರೆ ಅವಸರ ಬೇಡಪ್ಪ. ನಾಳೆ ಅವಳು ಅತ್ಕೊಂಡು ಕೂತ್ರೆ ನನಗೆ ನೋಡೋಕಾಗಲ್ಲ” ಎಂದು ಇವರಿಗೆ ಹೇಳಿದರು. ಅಪ್ಪ ಬರುತ್ತಾರೆಂದು ಖಚಿತವಾಗುವವರೆಗೆ ಆಫೀಸಿನಲ್ಲಿ ಆ ದಿನ ಗೊತ್ತುಮಾಡುವುದು ಬೇಡ ಎಂದಾಗಿದೆ. ಈ ತಿಂಗಳು ಮುಗಿಯುವುದರೊಳಗೆ ಹೇಳಬೇಕು.

ಬೀಗ ತೆಗೆ ಅಕ್ಕಾ.

ಸೂಜಿ

ಏಪ್ರಿಲ್ ೨೪

ನನ್ನ ಸೂಜಿ,

ತೆಗೆಯುತ್ತೇನೆ. ಅಪ್ಪನಿಗೆ ಕೊಟ್ಟ ಮಾತು ಮುರಿದರೆ ಮುರಿಯಲಿ. ವ್ಯಾನನ್ನು ಹೋಟೆಲಿನ ಹಿಂದೆ ನಿಲ್ಲಿಸಿ ಬರೆಯುತ್ತಿದ್ದೇನೆ.

ಎರಡು ವರ್ಷದ ಹಿಂದೆ ಅಪ್ಪ ಹೋಟೆಲಿನ ಲಿಫ್ಟ್ ನಡೆಸುವ ಕೆಲಸದಿಂದ ರಿಟೈರ್ ಆದರು ಎಂದು ನಿನಗೆ ಹೇಳಿದ್ದೆವು. ಆಗಲಿಲ್ಲ, ಬಿಟ್ಟರು. ಬಣ್ಣ ಬಳಿಯಲೆಂದು ಹೋಟೆಲು ಮುಚ್ಚಿದ್ದ ವಾರ ಅದು. ಖಾಲಿ ಕಟ್ಟಡದಲ್ಲಿ ಲಿಫ್ಟಿಗೆ ಎಣ್ಣೆ ಹಾಕಿ, ಒಂದು ಸುತ್ತು ಮೇಲೆ ಕೆಳಗೆ ಓಡಿಸಿ ಬರುತ್ತೇನೆಂದು ಬೆಳಿಗ್ಗೆ ಹೋದರು. ಎರಡನೆಯ ಮತ್ತು ಮೂರನೆಯ ಮಹಡಿಯ ನಡುವೆ ಕರೆಂಟು ಹೋಯಿತು. ಬಣ್ಣದವರು ಅಂದು ಬಂದಿರಲಿಲ್ಲ. ಅಪ್ಪ ಕೂಗಿದ್ದು ಯಾರಿಗೂ ಕೇಳಿಸಲಿಲ್ಲ. ಸಂಜೆ ನಾನು ಹುಡುಕಿಕೊಂಡು ಹೋಗಿ, ಇಬ್ಬರನ್ನು ಕರೆತಂದು ಬಾಗಿಲು ಮೀಟಿಸಿದಾಗ, ಅಪ್ಪ ತಮ್ಮ ಸ್ಟೂಲಿನ ಮೇಲೆ ನೆಟ್ಟಗೆ ಕೂತಿದ್ದರು. ಉಗುರುಗಳೆಲ್ಲ ಕಿತ್ತುಹೋಗಿದ್ದವು. “ಯಾವ ಮಹಡಿ?” ಎಂದು ನನ್ನನ್ನೇ ಕೇಳಿದರು.

ಆವತ್ತಿನಿಂದ ಅವರು ಮುಚ್ಚಿದ ಯಾವುದರೊಳಗೂ ಕೂರಲಾರರು. ಬಸ್ಸು, ರೈಲು, ನನ್ನ ವ್ಯಾನು ಯಾವುದೂ ಆಗುವುದಿಲ್ಲ. ಬಾಗಿಲು ಹಾಕಿದ ಕೂಡಲೇ ಬೆವೆತು ಉಸಿರು ಸಿಕ್ಕಿಕೊಳ್ಳುತ್ತದೆ. ಡಾಕ್ಟರು ಮಾತ್ರೆ ಕೊಟ್ಟರು, ಸಮಯ ಹಿಡಿಯುತ್ತದೆ ಎಂದರು. ತಾರಸಿಯ ಮೇಲೆ ಮಲಗುವುದು ಅದಕ್ಕೇ. ನಿನ್ನ ಬಸ್ಸು ಹತ್ತದೆ ಇದ್ದದ್ದೂ ಅದಕ್ಕೇ. ನಿನ್ನ ಮೇಲೆ ಮುನಿಸಿನಿಂದಲ್ಲ, ಮಗೂ.

“ಸೂಜಿಗೆ ಹೇಳಬೇಡ” ಎಂದು ಆಣೆ ಹಾಕಿಸಿಕೊಂಡರು. ಚಿಕ್ಕವಳಿದ್ದಾಗ ನೀನು ಆ ಸ್ಟೂಲಿನ ಮೇಲೆ ಕೂತು, ನಮ್ಮಪ್ಪ ಹೇಳಿದ ಕಡೆ ಮನೆಯೇ ಮೇಲೆ ಹೋಗುತ್ತದೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದೆ. ಆ ಅಪ್ಪನೇ ನಿನ್ನ ತಲೆಯಲ್ಲಿ ಉಳಿಯಲಿ ಎಂದು ಅವರ ಆಸೆ.

ಕಾರಿನ ಯೋಚನೆ ಹೇಗೆ ಬಂತು ಗೊತ್ತೆ? ಜನವರಿಯಲ್ಲಿ ಹೋಟೆಲಿನ ಹಳೆಯ ಮಂಚಗಳನ್ನು ಸಾಗಿಸುವಾಗ ಅಪ್ಪ ತೆರೆದ ಲಾರಿಯ ಹಿಂದೆ, ಮಂಚಗಳ ಮೇಲೆ ಹತ್ತಿ ಕೂತರು. ಊರ ಹೊರಗಿನ ಗೋಡೌನಿನವರೆಗೂ ಕೂತೇ ಬಂದರು. ಇಳಿದಾಗ ಕೂದಲೆಲ್ಲ ನಿಂತಿತ್ತು, ಮುಖ ನಗುತ್ತಿತ್ತು. ಲಾರಿಯ ಹಿಂದೆ ಕೂರಿಸಿಕೊಂಡು ನಿನ್ನ ಮದುವೆಗೆ ಕರೆತರಲು ಆಗುತ್ತದೆಯೆ? ಪೊಲೀಸರು ಬಿಡುತ್ತಾರೆಯೆ? ಅದಕ್ಕೇ ಹುಡ್ ಇಲ್ಲದ ಕಾರು. ಭಾನುವಾರದ ಮೋಜು ಎಂದು ಬರೆದದ್ದು, ಅಕಸ್ಮಾತ್ ಕಾಗದ ಅಪ್ಪನ ಕೈಗೆ ಸಿಕ್ಕರೆ ಅವರಿಗಾಗಿ ಎಂದು ತಿಳಿಯದಿರಲಿ ಎಂದು. ತಿಳಿದರೆ ಬೇಡವೇ ಬೇಡ ಎನ್ನುತ್ತಾರೆ. ನೀನಂದುಕೊಂಡ ಆ ಎತ್ತರದ ಭಾವ ಅಪ್ಪನೇ.

ಇನ್ನೊಂದನ್ನು ನಾನು ಕದ್ದು ನೋಡಿದೆ. ನೀನು ಮದುವೆಯ ದಿನ ಹೇಳಿದಂದಿನಿಂದ ಅಪ್ಪ ಪ್ರತಿ ಸಂಜೆ, ನಾನು ಅಡುಗೆಮನೆಯಲ್ಲಿರುವಾಗ, ಅಂಗಳದಲ್ಲಿ ನಿಂತ ವ್ಯಾನಿನ ಬಾಗಿಲು ತೆರೆದು ಸೀಟಿನ ಮೇಲೆ ಕೂರುತ್ತಾರೆ. ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ಎರಡನೆಯ ಕಾಲನ್ನು ಎತ್ತುತ್ತಾರೆ, ಇಳಿಸುತ್ತಾರೆ. ಆಮೇಲೆ ಮುಖ ತೊಳೆದು ಒಳಗೆ ಬಂದು, “ಇವತ್ತು ಸೆಕೆ” ಎನ್ನುತ್ತಾರೆ. ಮನಸ್ಸಿಲ್ಲದವರು ಹೀಗೆ ಮಾಡುತ್ತಾರೆಯೆ, ನೀನೇ ಹೇಳು.

ನಿನ್ನ ಹುಡ್ಡಿನ ಫೋಟೋ ನೋಡಿ ಅತ್ತುಬಿಟ್ಟೆ. ಅಷ್ಟು ಚೆನ್ನಾಗಿ ಹೊಲಿದಿದ್ದೀಯ. ಅದು ಬೇಡ ಎಂದು ಹೇಗೆ ಹೇಳಲಿ?

ಅಕ್ಕ

ಮೇ ೪

ಪ್ರೀತಿಯ ಅಕ್ಕನಿಗೆ,

ಈ ಕಾಗದ ಕಾರಿನಲ್ಲೇ ಬರುತ್ತದೆ. ಇವರೇ ಓಡಿಸಿಕೊಂಡು ಬರುತ್ತಿದ್ದಾರೆ, ಕಾರು ಕೊಟ್ಟು ರೈಲಿನಲ್ಲಿ ವಾಪಸ್ ಬರುತ್ತಾರೆ. ಅಪ್ಪ ಅವರ ಕೈಯನ್ನು ಎದುರಿಗೇ ನೋಡಲಿ.

ನಿನ್ನ ಕಾಗದ ಬಂದ ದಿನ ನಾನು ಹೊಲಿದ ಹುಡ್ಡಿನೊಳಗೆ ಹೋಗಿ, ಅಪ್ಪ ಕೂರಬೇಕಾದ ಸೀಟಿನಲ್ಲಿ ಬಾಗಿಲು ಹಾಕಿಕೊಂಡು ಕೂತೆ. ಹೋದ ಸಲ ಅಲ್ಲೇ ಕೂತು ಹೆಮ್ಮೆಪಟ್ಟಿದ್ದೆ. ಈ ಸಲ ಅಲ್ಲಿ ಅಪ್ಪನೇ ಕೂತ ಹಾಗೆ ಕಂಡಿತು. ಇಳಿಯೋಣವೆಂದು ಒಳಗಿನ ಹಿಡಿ ಎಳೆದರೆ ಬಾಗಿಲು ತೆರೆಯಲಿಲ್ಲ. ಹುಡ್ ಹಾಕಿ ಗಾಜೂ ಏರಿಸಿದ್ದರಿಂದ ಕೈ ಹೊರಗೆ ಹೋಗಲಿಲ್ಲ. ಅದು ತೆರೆಯುವುದಿಲ್ಲ ಎಂದು ನಾನೇ ನಿನಗೆ ಬರೆದಿದ್ದೆ. ಸಣ್ಣ ಐಬು ಎಂದು ಬರೆದಿದ್ದೆ. ಮೇಸ್ತ್ರಿ ಬಂದು ಹೊರಗಿನಿಂದ ತೆಗೆದರು.

ಹುಡ್ ಬಿಚ್ಚಿದೆ. ಬಟ್ಟೆ ಮಾತ್ರವಲ್ಲ, ಅದನ್ನು ಹೊರುವ ಕಬ್ಬಿಣದ ಕಂಬಿಗಳನ್ನೂ ಬೋಲ್ಟು ಕಳಚಿ ತೆಗೆದುಬಿಟ್ಟೆ. ತಿರುಗಿ ನೋಡಿದರೂ ಈಗ ಹಿಂದೆ ಏನೂ ಇಲ್ಲ. ಮೇಸ್ತ್ರಿ ತಲೆ ಚಚ್ಚಿಕೊಂಡು, “ಕೂಸು ಹುಟ್ಟೋಕೆ ಮುಂಚೆ ಕುಲಾವಿ ಹೊಲಿದೆ. ಈಗ ಕೂಸು ಬಂದ್ಮೇಲೆ ಕುಲಾವಿ ಕಿತ್ತು ಬಿಸಾಕ್ತೀಯಾ?” ಎಂದು ಬೈದರು. ಯಾಕೆಂದು ಹೇಳಿದೆ. ಅವರು ಕಂಬಿಗಳನ್ನು ತಾವೇ ಹೊತ್ತು ಹಿಂದಿನ ಕೋಣೆಗೆ ಹಾಕಿ, ಬೋಲ್ಟಿನ ತೂತುಗಳಿಗೆ ರಬ್ಬರು ಬಿರಡೆ ಹೊಡೆದುಕೊಟ್ಟರು.

ಮೇ ತಿಂಗಳಲ್ಲಿ ಮಳೆ ಬಂದರೇನು ಗತಿ ಎಂದು ನೀನು ಕೇಳುತ್ತೀಯ. ಹುಡ್ಡಿನ ಹೊರಬಟ್ಟೆ ಕತ್ತರಿಸಿ ಅಪ್ಪನಿಗೊಂದು, ನಿನಗೊಂದು ಮಳೆಯಂಗಿ ಹೊಲಿದಿದ್ದೇನೆ. ಸೀಟಿನ ಹಿಂದಿನ ಚೀಲದಲ್ಲಿವೆ. ಅಪ್ಪನದಕ್ಕೆ ಕತ್ತಿನ ಹತ್ತಿರ ತುಂಬ ಸಡಿಲ ಬಿಟ್ಟಿದ್ದೇನೆ. ತಲೆಗೆ ಟೋಪಿ ಇಡಲೋ ಬೇಡವೋ ತಿಳಿಯಲಿಲ್ಲ. ನೆತ್ತಿಯ ಮೇಲೆ ಬಟ್ಟೆ ಬಂದರೂ ಅವರಿಗೆ ಆಗುವುದಿಲ್ಲವೋ ಏನೋ. ಅದಕ್ಕೇ ಟೋಪಿಯನ್ನು ಬೇರೆ ಹೊಲಿದು ಗುಂಡಿ ಹಾಕಿದ್ದೇನೆ. ಬೇಕಾದರೆ ಹಾಕಿಕೊಳ್ಳಲಿ, ಬೇಡದಿದ್ದರೆ ಬಿಚ್ಚಿಡಲಿ.

ಬಾಗಿಲಿನ ಒಳಗಿನ ಹಿಡಿಗೆ ಹೋಗುವ ತಂತಿ ತುಂಡಾಗಿತ್ತು. ಹೊಸದು ಹಾಕಿ, ಕೈಗೆ ಸಿಗುವ ಹಾಗೆ ಚರ್ಮದ ಪಟ್ಟಿ ಹೊಲಿದಿದ್ದೇನೆ. ಮೆತ್ತಗೆ ಎಳೆದರೆ ಸಾಕು. ಅಪ್ಪನಿಗೆ ಮೊದಲು ಅದನ್ನೇ ತೋರಿಸು.

ನನಗೆ ಎಲ್ಲ ತಿಳಿದಿದೆ ಎಂದು ಅಪ್ಪನಿಗೆ ತಿಳಿಯಬೇಕೋ ಬಾರದೋ? ಯೋಚಿಸಿದಷ್ಟೂ ಸಿಕ್ಕಾಗುತ್ತಿದೆ. ನೀನು ಹೇಳಿದ ಹಾಗೆ ಮಾಡುತ್ತೇನೆ. ಇವರ ತಾಯಿಗೆ ಹೇಳಿದೆ. ಅವರು ನನ್ನ ತಲೆ ನೇವರಿಸಿ, ಇಪ್ಪತ್ತೇಳನ್ನೇ ಗೊತ್ತುಮಾಡಿ, ಅಂಗಡಿಯ ಮೇಲಿನ ಕೋಣೆ ಬೇಡ, ಊಟ ತಾರಸಿಯ ಮೇಲಿರಲಿ ಎಂದರು.

ಸೂಜಿ

ಮೇ ೧೬

ಸೂಜಿ,

ನಿನ್ನ ಹುಡುಗ ಅಂಗಳದಲ್ಲಿ ಕಾರು ನಿಲ್ಲಿಸಿದಾಗ ಅಪ್ಪ ಬಾಗಿಲಲ್ಲೇ ನಿಂತಿದ್ದರು. ಕಾರನ್ನು ನೋಡಿದರು, ಮೇಲೆ ನೋಡಿದರು, ನನ್ನನ್ನು ನೋಡಿದರು. “ಇದ್ಯಾರ ಮೋಜು?” ಎಂದರು. ನನ್ನದು ಎಂದೆ. “ಇದಕ್ಕೆ ಚಾವಣಿ ಎಲ್ಲಿ?” ಎಂದರು. ನಿನ್ನ ಹುಡುಗನಿಗೆ ಸುಳ್ಳು ಹೇಳಲು ಬರುವುದಿಲ್ಲ ಕಣೆ. “ಅವಳೇ ಬಿಚ್ಚಿದ್ಲು ಮಾವ” ಎಂದುಬಿಟ್ಟ. ಅಪ್ಪ ಅವನಿಗೆ ಕೈಕಾಲು ತೊಳೆಯಲು ನೀರು ಕೊಟ್ಟರು.

ನಿನಗೆ ತಿಳಿದಿದೆ ಎಂದು ಅವರಿಗೆ ತಿಳಿದಿದೆ. ಅವರು ಕೇಳುವುದಿಲ್ಲ, ನಾನು ಹೇಳುವುದಿಲ್ಲ, ನೀನೂ ಸುಮ್ಮನಿರು.

ಭಾನುವಾರ ಹೊರಟೆವು. ಅಪ್ಪ ಕೂತು ನಿನ್ನ ಚರ್ಮದ ಪಟ್ಟಿ ಎಳೆದರು, ಬಾಗಿಲು ತೆರೆಯಿತು. ಮುಚ್ಚಿದರು. ಮತ್ತೆ ಎಳೆದರು, ಮತ್ತೆ ಮುಚ್ಚಿದರು. “ಹೂಂ, ನಡಿ” ಎಂದರು. ಕೆರೆ ಸುತ್ತಿದೆವು, ಪೇಟೆ ದಾಟಿದೆವು. ನೋಡುವವರೆಲ್ಲ ನೋಡಿದರು. ಅಪ್ಪ ಲಿಫ್ಟಿನಲ್ಲಿ ಹೋಟೆಲಿನ ಅತಿಥಿಗಳಿಗೆ ಮಾಡುತ್ತಿದ್ದ ಹಾಗೆ ಒಬ್ಬೊಬ್ಬರಿಗೂ ತಲೆಬಾಗಿದರು. ರೈಲ್ವೆ ಸೇತುವೆಯ ಕೆಳಗೆ ರಸ್ತೆ ನುಗ್ಗುವ ಕಡೆ ಬಂತು. ನಾನು ಅದನ್ನು ಮರೆತೇಬಿಟ್ಟಿದ್ದೆ. “ನಿಲ್ಸು” ಎಂದರು. ಇಳಿದರು. ನಾನು ಕಾರನ್ನು ಆ ಕಡೆಗೆ ಒಯ್ದು ಕಾದೆ. ಅವರು ಒಂದು ಕೈಯನ್ನು ಗೋಡೆಗೆ ತಾಗಿಸಿಕೊಂಡು ನಡೆದೇ ಬಂದರು. ಬೆವೆತಿದ್ದರು, ಆದರೆ ಬಂದರು. ಹತ್ತಿ ಕೂತು, ಪಟ್ಟಿಯನ್ನು ಒಮ್ಮೆ ಮುಟ್ಟಿ, “ಸೂಜಿ ಊರಿಗೆ ಹೋಗೋ ದಾರೀಲಿ ಇಂಥವು ಎಷ್ಟಿವೆ?” ಎಂದು ಕೇಳಿದರು.

ದಾರಿಯಲ್ಲಿ ಇರುವವು ನನಗೆ ಗೊತ್ತು. ನಿಮ್ಮ ಊರ ಬಾಗಿಲಲ್ಲಿ ಹೊಸದಾಗಿ ಒಂದು ಕಟ್ಟಿದ್ದಾರಂತಲ್ಲ, ಅದು ಹೇಗಿದೆ? ನಡೆಯುವವರಿಗೆ ಜಾಗವಿದೆಯೆ? ಉದ್ದವೆ?

ಅಕ್ಕ

ಮೇ ೨೧

ಪ್ರೀತಿಯ ಅಕ್ಕನಿಗೆ,

ಇದು ಗಡಿಬಿಡಿಯಲ್ಲಿ ಬರೆದದ್ದು, ಅಕ್ಷರ ಇನ್ನೂ ಕೆಟ್ಟಿದೆ. ನೀವು ಹೊರಡುವುದರೊಳಗೆ ನಿನಗೆ ಸಿಗಬೇಕು.

ಅಪ್ಪ ಬಂದಾಗ ನಾನು ಯಾವ ಮುಖ ಮಾಡಿಕೊಂಡು ನಿಲ್ಲಬೇಕೋ ಇನ್ನೂ ಗೊತ್ತಾಗಿಲ್ಲ. ಏನೂ ತಿಳಿಯದವಳ ಮುಖ ಮಾಡಲು ಹೋದರೆ ಅಳು ಬರುತ್ತದೆ. ಇವರು, ಊಟ ಆಯ್ತಾ ಎಂದು ಕೇಳಿಬಿಡು ಎನ್ನುತ್ತಾರೆ.

ಆ ಸೇತುವೆ ನಮ್ಮ ಬೀದಿಯಿಂದ ದೂರವಿಲ್ಲ. ರಸ್ತೆ ಅದರ ಕೆಳಗೆ ಇಳಿದು, ಸ್ವಲ್ಪ ಬಾಗಿ, ಮೇಲೇರುತ್ತದೆ. ನಡೆಯುವವರಿಗೆ ಪಕ್ಕದಲ್ಲಿ ಎತ್ತರದ ಕಟ್ಟೆಯಿದೆ, ಹಿಡಿದುಕೊಳ್ಳಲು ಕಂಬಿಯಿದೆ. ಒಂದು ಕಡೆ ಕಂಬಿಯ ತುದಿ ಚೂಪಾಗಿ ಮೇಲೆದ್ದಿತ್ತು, ಅದಕ್ಕೆ ಉಳಿದ ಚರ್ಮ ಸುತ್ತಿ ಹೊಲಿದು ಬಂದಿದ್ದೇನೆ. ನೀನು ಕಾರನ್ನು ಮುಂದೆ ಒಯ್ದು ಕಾದಿರು. ನಾನು ಸೇತುವೆಯ ಆಚೆಗೆ ಬಂದು ಅಪ್ಪನ ಜೊತೆ ನಡೆಯುತ್ತೇನೆ, ಎದುರುಗೊಳ್ಳಲು ಬಂದವಳ ಹಾಗೆ.

ಇವತ್ತು ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಇನ್ನೊಮ್ಮೆ ಹೋಗಿ ಆ ಕಟ್ಟೆಯ ಮೇಲೆ ನಡೆದು ನೋಡಿದೆ. ನಡುವೆ, ಚಾವಣಿ ಎಲ್ಲಕ್ಕಿಂತ ತಗ್ಗಿರುವ ಕಡೆ ನಿಂತೆ. ಹಿಂದೆ ನೋಡಿದೆ, ಮುಂದೆ ನೋಡಿದೆ. ಅಲ್ಲಿಂದ ಎರಡೂ ಕಡೆಯ ಬೆಳಕು ಕಾಣುತ್ತದೆ.

ಸೂಜಿ